ಕಲೆ ತಗೋತೀನಿ ಎಂದ ಮಗಳು

ಬಟ್ಟೆ ಒಗೆಯುವ ಅಂಗಡಿಯ ಯಜಮಾನನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಬೀದಿಯವರಿಗೆ ಮಾತ್ರ ಅವನು ಕಲೆಯಣ್ಣ. ಶಾಯಿ, ಗ್ರೀಸು, ತುಕ್ಕು, ಯಾವ ಕಲೆಯಾದರೂ ಸರಿ, ಬಟ್ಟೆಯನ್ನು ಮೂಸಿ, ಉಗುರಿನಿಂದ ಕೆರೆದು ನೋಡಿ, "ತೆಗೀಬಹುದು ಬಿಡಿ" ಎನ್ನುತ್ತಿದ್ದ. ಹಿಂದಿನ ಕೋಣೆಯ ಹಬೆ, ಔಷಧಿಯ ಘಾಟಿನಲ್ಲಿ ಅವನ ಬೆರಳ ತುದಿಗಳು ಸುಲಿದುಹೋಗಿದ್ದವು. ಇನ್ನು ಕೆಮ್ಮು, ಅದು ಅವನಿಗಿಂತ ಮೊದಲೇ ಅಂಗಡಿಗೆ ಬರುತ್ತಿತ್ತು. ಒಬ್ಬಳೇ ಮಗಳು ಆ ಕೋಣೆಗೆ ಬೀಳಬಾರದು, ಓದಬೇಕು ಎಂಬುದು ಅವನ ಹಠ. ಏನು ಓದಬೇಕು ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದ.

ಮಗಳು ಹತ್ತನೇ ತರಗತಿ ಮುಗಿಸಿದಳು. ಮುಂದಕ್ಕೆ ಅದೇ ಶಾಲೆಯ ಪಿಯುಸಿಗೆ ವಿಷಯ ಆರಿಸಿಕೊಳ್ಳಬೇಕು. ಬೇರೆ ಮಕ್ಕಳು ಸೈನ್ಸು, ಕಾಮರ್ಸು, ಆರ್ಟ್ಸು ಎನ್ನುತ್ತಿದ್ದರು. ಅವಳ ಮೇಷ್ಟ್ರು ಮಾತ್ರ ಹಟಮಾರಿ ಕನ್ನಡದವರು. ಅವರ ತರಗತಿಯಲ್ಲಿ ವಿಜ್ಞಾನ, ವಾಣಿಜ್ಯ, ಕಲೆ ಎಂದೇ ಹೇಳಬೇಕು. ಆ ರೂಢಿಯೇ ಈ ಸಂಸಾರಕ್ಕೆ ಮುಳುವಾಯಿತು ನೋಡಿ.

ಒಂದು ಮಧ್ಯಾಹ್ನ ಯಂತ್ರ ಗಡಗಡ ಎನ್ನುತ್ತಿದ್ದಾಗ ಮಗಳು ಬಾಗಿಲಲ್ಲಿ ನಿಂತು ಕೂಗಿ ಹೇಳಿದಳು.

"ಅಪ್ಪ, ನಾನು ಕಲೆ ತಗೋತೀನಿ. ಮನಸ್ಸು ಮಾಡ್ಬಿಟ್ಟಿದ್ದೀನಿ."

ಅವನಿಗೆ ಕೇಳಿಸಿದ್ದು "ಕಲೆ ತೆಗೀತೀನಿ" ಎಂದು. ಜೀವಮಾನವೆಲ್ಲ ಅದೇ ಮಾತು ಕೇಳಿದ ಕಿವಿಗೆ ಇನ್ನೇನು ಕೇಳಿಸೀತು? ಮಗಳೂ ಈ ಕೋಣೆಗೇ ಬಿದ್ದಳು ಎಂದುಕೊಂಡ. ರಜೆಯಲ್ಲಿ ಅವಳು ಡಾಕ್ಟರೊಬ್ಬರ ಕೋಟಿನ ಶಾಯಿ ತೆಗೆದಾಗ ಭೇಷ್ ಎಂದು ತಾನೇ ಹುರಿದುಂಬಿಸಿದ್ದ. ತಾನೇ ಕೆಡಿಸಿದೆ ಎಂದು ಕುದಿದುಹೋದ.

"ಕಲೆ ಗಿಲೆ ಅಂದ್ರೆ ಕಾಲು ಮುರೀತೀನಿ! ನಾನು ಬದುಕಿರೋವರೆಗೂ ಆ ಮಾತು ಎತ್ಬೇಡ!"

ಮಗಳು ಬಾಗಿಲಿಂದಲೇ ಹೊರಟುಹೋದಳು.

ಅಂದಿನಿಂದ ಕಲೆಯಣ್ಣನಿಗೆ ಕೆಲಸದಲ್ಲಿ ಗಮನ ನಿಲ್ಲಲಿಲ್ಲ. ಬಿಳಿ ಅಂಗಿಗಳ ಜೊತೆ ಕೆಂಪು ಪರದೆ ಹಾಕಿ ಎಲ್ಲವನ್ನೂ ಗುಲಾಬಿ ಮಾಡಿಟ್ಟ. ಮನೆಯಲ್ಲಿ ಮಗಳು ತಲೆ ತಗ್ಗಿಸಿ ಉಂಡು ಎದ್ದುಹೋಗುತ್ತಿದ್ದಳು.

"ಅವಳನ್ನೇ ಕೂರಿಸ್ಕೊಂಡು ಕೇಳಬಾರ್ದಾ?" ಎಂದಳು ಹೆಂಡತಿ.

"ಕೇಳಿದ್ರೆ ಅದನ್ನೇ ಹೇಳ್ತಾಳೆ. ಆಮೇಲೆ ಏನ್ ಮಾಡ್ಲಿ?"

ಹೆದರಿದ ಗಂಡಸಿನ ಬುದ್ಧಿ ಓಡುವುದೇ ಹೀಗೆ. ಆರಿಸಿದ ವಿಷಯ ತಿಳಿಸುವ ಕೊನೆಯ ದಿನ ಬಂದಾಗ ತಡೆಯಲಾರದೆ ಅಂಗಡಿಗೆ ಬೀಗ ಜಡಿದು ಶಾಲೆಗೆ ಓಡಿದ. ಇವಳು ಹೆಸರನ್ನೇ ಕೊಡದೆ ಓದು ಬಿಟ್ಟಿದ್ದರೆ?

ಮೇಷ್ಟ್ರು ಸಿಡಿಮಿಡಿಗೊಂಡಿದ್ದರು. "ಬನ್ನಿ. ಚರಿತ್ರೆ ಅಂದ್ರೆ ಪ್ರಾಣ ಬಿಡೋ ಹುಡುಗಿ. ಕಲೆ ಅಂದ್ರೆ ಅಪ್ಪ ಕಾಲು ಮುರೀತಾರೆ ಅಂತ ಅತ್ಕೊಂಡು ವಿಜ್ಞಾನ ಕೊಟ್ಟಿದ್ದಾಳೆ."

"ಚರಿತ್ರೆಗೂ ಕಲೆಗೂ ಏನ್ ಸಂಬಂಧ ಸಾರ್?"

"ಚರಿತ್ರೆ, ಅರ್ಥಶಾಸ್ತ್ರ, ಎಲ್ಲಾ ಬರೋದು ಕಲೆಯಲ್ಲೇ. ಆರ್ಟ್ಸ್ ರೀ, ಆರ್ಟ್ಸ್!" ತಮ್ಮ ಕನ್ನಡದ ಪಂತ ಮುರಿದು ಮೇಷ್ಟ್ರು ಗದರಿದರು.

ಕಲೆಯಣ್ಣ ಬೆಂಚಿನ ಮೇಲೆ ಕೂತುಬಿಟ್ಟ. ಮಗಳು ಓದು ಬಿಟ್ಟಿಲ್ಲ ಎಂಬ ನೆಮ್ಮದಿ ಒಂದು ಗಳಿಗೆಯೂ ನಿಲ್ಲಲಿಲ್ಲ. ವಿಜ್ಞಾನದ ಪರೀಕ್ಷೆ ಎಂದರೆ ಹೊಟ್ಟೆನೋವು ಬರುವ ಮಗು ಅದು.

"ಬದಲಾಯಿಸಬಹುದಾ ಸಾರ್?"

"ಸಂಜೆ ತನಕ ಬದಲಾಯಿಸಬಹುದು. ಅವಳೇ ಹೇಳ್ಬೇಕು."

ಮಗಳನ್ನು ಕರೆಸಿದರು. ಅಪ್ಪನನ್ನು ಕಂಡವಳೇ ಬಾಗಿಲ ಬಳಿಯೇ ನಿಂತುಬಿಟ್ಟಳು.

"ಬಟ್ಟೆ ಕಲೆ ಅಂದ್ಕೊಂಡೆ ಕಣೆ! ಅಂಗಡೀಲಿ ಕೆಲಸಕ್ಕೆ ನಿಲ್ತೀಯ ಅಂತ... ಯಾಕೆ ಬೇಡ ಅಂತ ಒಂದು ಮಾತು ಕೇಳಬಾರ್ದಾಗಿತ್ತಾ?"

ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ಮಗಳು ನಗಲಿಲ್ಲ.

"ನೀವು ಬೇಡ ಅಂದ್ಮೇಲೆ ನಾನು ಯಾವತ್ತು ಕೇಳಿದ್ದೀನಿ ಅಪ್ಪ? ಭಯ ಆಗತ್ತೆ."

ಮೇಷ್ಟ್ರ ನಗು ನಿಂತಿತು. ಇಷ್ಟು ದಿನ ಮಗಳಿಗಾಗಿ ಹೆದರಿ ಹೆದರಿ ಸತ್ತಿದ್ದವನಿಗೆ, ಅವಳು ತನಗೇ ಹೆದರುತ್ತಾಳೆ ಎಂಬುದು ಹೊಳೆದೇ ಇರಲಿಲ್ಲ. ಅವನಿಗೆ ನಾಚಿಕೆಯಾಯಿತು.

"ಈಗ ಕೇಳು" ಎಂದ.

ಮಗಳು ಮೇಷ್ಟ್ರ ಕಡೆ ನೋಡಿದಳು, ನೆಲ ನೋಡಿದಳು. "ಯಾಕೆ ಬೇಡ ಅಂದ್ರಿ?"

"ನನ್ನ ಥರ ಆಗ್ಬಿಡ್ತೀಯ ಅಂತ."

ಅವಳು ದುಪಟ್ಟಾದಲ್ಲಿ ಮೂಗು ಒರೆಸಿಕೊಂಡು, ಕಲೆ ಕೊಡಿ ಸಾರ್ ಎಂದು ಮೆಲ್ಲಗೆ ಹೇಳಿದಳು. ಆಮೇಲೆ ಅಪ್ಪನತ್ತ ತಿರುಗಿದಳು.

"ಇನ್ನೊಂದು ಕೇಳ್ಲಾ?"

ಇನ್ನೇನು ಕೇಳುತ್ತಾಳೋ ಎಂದು ಕಲೆಯಣ್ಣನಿಗೆ ಮತ್ತೆ ಹೆದರಿಕೆಯಾಯಿತು. ಆದರೂ ಈ ಸಲ ಗದರದೆ, ಕೇಳು ಎಂದ.