ದ್ರಾಕ್ಷಾಯಣಮ್ಮ ಕೆಡಿಸಿದ ರಾಗಿ

ನನ್ನ ಗಂಡ ಆದಿನಾರಾಯಣನ ಬುದ್ಧಿವಂತಿಕೆ ನೆನೆದರೆ ಇವತ್ತಿಗೂ ನನಗೆ ರೇಗುತ್ತದೆ. ಆದರೆ ನಾನು ಹೇಳಬೇಕಾದದ್ದು ಅವನ ಕಥೆಯಲ್ಲ, ಅವನ ಅಣ್ಣನ ಹೆಂಡತಿ ದ್ರಾಕ್ಷಾಯಣಮ್ಮನದು. ನಾನು ಅಕ್ಕ ಎಂದೂ ಅವನು ತೆಲುಗಿನಲ್ಲಿ ವದಿನಾ, ಅಂದರೆ ಅತ್ತಿಗೆ, ಎಂದೂ ಕರೆಯುತ್ತಿದ್ದದ್ದು. ಕಲ್ಯಾಣದುರ್ಗದಿಂದ ಹಿಂದೂಪುರದ ನಮ್ಮ ನೇಕಾರರ ಮನೆಗೆ ಸೊಸೆಯಾಗಿ ಬಂದು, ಮೂವತ್ತಕ್ಕೇ ಗಂಡನನ್ನು ಕಳೆದುಕೊಂಡು, ಆಮೇಲೆ ಮನೆಯ ಕಾಳಿನ ಕೋಣೆಯನ್ನೇ ತನ್ನ ಸಂಸಾರ ಮಾಡಿಕೊಂಡವಳು.

ನಮ್ಮದು ಗುಂಡಿ ಮಗ್ಗ. ಮಳೆ ಹಿಡಿದರೆ ಗುಂಡಿಗೆ ನೀರು ಒಸರುತ್ತದೆ, ನೂಲು ತೇವ ಹಿಡಿದು ಎಳೆ ಕಡಿಯುತ್ತದೆ, ಎರಡು ಮೂರು ತಿಂಗಳು ನೇಯ್ಗೆ ನಿಲ್ಲುತ್ತದೆ. ಅಷ್ಟು ದಿನಕ್ಕಾಗುವ ರಾಗಿಯನ್ನು ಬೇಸಿಗೆಯಲ್ಲೇ ತುಂಬಿಡಬೇಕು. ಕೋಣೆಯಲ್ಲಿ ಆರು ವಾಡೆ ಇದ್ದವು, ಎದೆಯೆತ್ತರದ ಮಣ್ಣಿನ ಗುಡಾಣಗಳು. ತುಂಬುವ ಮುಂಚೆ ಅಕ್ಕ ಒಂದೊಂದಕ್ಕೂ ಬೇವಿನ ಹೊಗೆ ಹಾಕಿ, ಆರಿದ ಮೇಲೆ ಒಂದು ಹಿಡಿ ಮಂಡಕ್ಕಿ, ಅವಳ ಮಾತಲ್ಲಿ ಬೊರುಗುಲು, ಒಳಗಿಟ್ಟು ಬಾಯಿ ಮುಚ್ಚುತ್ತಿದ್ದಳು. ಮೂರು ದಿನ ಬಿಟ್ಟು ತೆಗೆದು ತಾನೇ ತಿಂದು ನೋಡುತ್ತಿದ್ದಳು. ಮಂಡಕ್ಕಿ ಎಂಥ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ. ಒಂಚೂರು ಮುಗ್ಗು ನಾಲಗೆಗೆ ಹತ್ತಿದರೂ ಆ ವಾಡೆಗೆ ಆ ವರ್ಷ ಕಾಳಿಲ್ಲ. ಸ್ನಾನ ಮಾಡದೆ ಆ ಕೋಣೆಯ ಹೊಸಿಲು ದಾಟಿದವರ ಜನ್ಮ ಜಾಲಾಡಿಬಿಡುತ್ತಿದ್ದಳು. ನನಗೂ ಎಷ್ಟೋ ಸಲ ಬೈಗುಳ ಬಿದ್ದಿದೆ.

ಎಂಬತ್ತೆಂಟರ ಬೇಸಿಗೆಯಲ್ಲಿ ಆದಿನಾರಾಯಣ ಮೂರು ನೀಲಿ ಪ್ಲಾಸ್ಟಿಕ್ ಡ್ರಮ್ಮು ತಂದ. ಬಣ್ಣ ಹಾಕುವವರ ಖಾಲಿ ಡ್ರಮ್ಮು ಅಂತ ಡಬ್ಬ ಮಾರುವ ಲಿಂಗಣ್ಣನ ಹತ್ತಿರ ತಗೊಂಡದ್ದು. ಇಲಿ ಕೊರೆಯುವುದಿಲ್ಲ, ಬಿದ್ದರೆ ಒಡೆಯುವುದಿಲ್ಲ ಅಂತ ಬೀದಿಗೆಲ್ಲ ಸಾರಿಕೊಂಡು ಬಂದ. ಅಕ್ಕ ಬಗ್ಗಿ ಮೂಸಿ ಮುಖ ಕಿವುಚಿದಳು.

"ಇದ್ರಾಗೆ ಏನೋ ಇತ್ತು ಕಣಪ್ಪ. ಬೊರುಗುಲು ಇಟ್ಟು ನೋಡ್ತೀನಿ, ಮೂರು ದಿನ ತಡಿ."

"ನಿನ್ನ ಬೊರುಗುಲು ಯಾಕೆ ವದಿನಾ, ನೇಕಾರರಿಗೆ ಪರೀಕ್ಷೆ ಮಾಡಕ್ಕೆ ಬರಲ್ವಾ?"

ಅವನ ಪರೀಕ್ಷೆ ಏನು ಗೊತ್ತೇ? ಸೋಡಾ ಹಾಕಿ ತಿಕ್ಕಿ ತೊಳೆದು, ನೀರು ತುಂಬಿ, ಒಂದೊಂದಕ್ಕೆ ಒಂದೊಂದು ಲಡಿ ಬಿಳಿ ರೇಷ್ಮೆ ಅದ್ದಿಟ್ಟ. ಬಣ್ಣದ ಪಾತ್ರೆ ಶುಚಿಯಾಯಿತೋ ಇಲ್ಲವೋ ಎಂದು ನಮ್ಮವರು ನೋಡುವುದೇ ಹಾಗೆ. ಚೂರು ಉಳಿದಿದ್ದರೂ ರೇಷ್ಮೆ ಹಿಡಿದುಬಿಡುತ್ತದೆ. ಮರುದಿನ ಲಡಿಗಳು ಹಾಲಿನಷ್ಟು ಬೆಳ್ಳಗೆ ಮೇಲೆ ಬಂದವು. ಅವನ್ನು ಅಕ್ಕನ ಮುಖದ ಮುಂದೆ ಆಡಿಸಿ, ವಾಡೆಗಳನ್ನು ಹಿತ್ತಲಿಗೆ ಉರುಳಿಸಿ ಒಡೆದು, ರಾಗಿಯನ್ನೆಲ್ಲ ಡ್ರಮ್ಮಿಗೆ ಸುರಿದ. ಅಕ್ಕ ಅವತ್ತು ಊಟ ಮಾಡಲಿಲ್ಲ.

ಆಷಾಢದಲ್ಲಿ ಮೊದಲ ಡ್ರಮ್ಮು ತೆಗೆದೆವು. ನಾನೇ ಬೀಸಿಸಿ ತಂದು ಮುದ್ದೆ ಕಟ್ಟಿದೆ. ತುತ್ತು ಗಂಟಲಿಗಿಳಿಯುವ ಮುಂಚೆಯೇ ಕಹಿಯೂ ಅಲ್ಲದ, ಸೀಮೆಎಣ್ಣೆಯೂ ಅಲ್ಲದ ಒಂದು ಹೇಸಿಗೆ ನಾಲಗೆಗೆ ಅಂಟಿಕೊಂಡಿತು. ಎಲ್ಲರೂ ಎದ್ದು ಓಡಿ ಮೋರಿಗೆ ಉಗಿದೆವು. ಮಜ್ಜಿಗೆ ಕುಡಿದರೂ ಅದೇ ರುಚಿ, ಬಾಯಿ ಬಿಟ್ಟರೆ ಅದೇ ನಾತ. ಚೆಲ್ಲಿದ ಮುದ್ದೆ ಕುಕ್ಕಿದ ಪಕ್ಕದ ಮನೆಯ ಎರಡು ಕೋಳಿ ಸಂಜೆಯೊಳಗೆ ಸತ್ತು ಬಿದ್ದವು. ಲಿಂಗಣ್ಣನನ್ನು ಹಿಡಿದು ಕೇಳಿದಾಗ ನಿಜ ಹೊರಬಿತ್ತು. ಡ್ರಮ್ಮಿನಲ್ಲಿದ್ದದ್ದು ಬಣ್ಣವೇ ಅಲ್ಲ, ನೀರಿನ ಹಾಗೆ ಕಾಣುವ ಹುಳದ ಔಷಧಿ. ಬಣ್ಣವೇ ಇಲ್ಲದ ವಿಷವನ್ನು ರೇಷ್ಮೆ ಏನು ತೋರಿಸೀತು?

ಇಷ್ಟಾದ ಮೇಲಾದರೂ ಮನುಷ್ಯನಾದವನು ಅದನ್ನು ದೂರ ಹೂಳಬೇಕಲ್ಲ. ಇಲ್ಲ. ನಮ್ಮ ಮನೆಯಲ್ಲಿ ನೂಲು ಸುತ್ತುತ್ತಿದ್ದ ಓಬಕ್ಕ ಎಂಬವಳಿದ್ದಳು, ಕಂಬದೂರು ಕಡೆಯವಳು, ಮೂರು ಮಕ್ಕಳ ತಾಯಿ. ಅವಳು ಕೆಲಸದಲ್ಲಿರುವಾಗ ಮಕ್ಕಳು ಹಿತ್ತಲಲ್ಲಿ ನನ್ನ ಹತ್ತಿರವೇ ಉಣ್ಣುತ್ತಿದ್ದವು. ವಾರದಿಂದ ಅವಳು ಊರಲ್ಲಿರಲಿಲ್ಲ, ಕೋಳಿ ಸತ್ತದ್ದು ಅವಳಿಗೆ ಗೊತ್ತಿರಲಿಲ್ಲ. ಬಂದ ದಿನವೇ ಆದಿನಾರಾಯಣ ಅವಳನ್ನು ಕರೆಸಿ ಹಲ್ಲು ಕಿರಿದ.

"ಮಳೆಗಾಲ ಓಬಕ್ಕ, ನಿನ್ ಮಕ್ಳು ಉಪವಾಸ ಇರ್ಬಾರ್ದು. ಈ ರಾಗಿ ಎಲ್ಲಾ ನಿಂದೇ, ಹೊತ್ಕೊಂಡು ಹೋಗು. ಒಂದೀಟು ವಾಸನೆ ಐತೆ, ಬಿಸಿಲಿಗೆ ಹಾಕಿದ್ರೆ ಹೋಯ್ತದೆ."

ಓಬಕ್ಕ ಕೈ ಮುಗಿದಳು. "ಚಲ್ಲಗಾ ಉಂಡಾಲ ಸಾಮಿ," ತಣ್ಣಗಿರಬೇಕು ಎಂದು ಹರಸಿದಳು. ಥೂ, ದಾನಶೂರನ ಮುಖ ಹೊತ್ತು ನಿಂತಿದ್ದ ಅವನನ್ನು ನೋಡಿ ನನಗೆ ಮೈಯೆಲ್ಲ ಅಸಹ್ಯವಾಯಿತು. "ಚೀಲದ ಬಾಯಿ ಹಿಡಿಯೇ ಬನಶಂಕರಿ," ಎಂದ. ನಾನು ಹಿಡಿದೆ. ಗೊತ್ತಿದ್ದೂ ಹಿಡಿದೆ.

ಅಕ್ಕ ಆಗ ತಾನೇ ಸ್ನಾನ ಮುಗಿಸಿ ಒದ್ದೆ ಕೂದಲಲ್ಲಿ ಬಂದಳು. ಚೀಲ ನೋಡಿದಳು, ಓಬಕ್ಕನನ್ನು ನೋಡಿದಳು. ಬೀದಿಗಿಳಿದು, ಬೀದಿಯವರೆಲ್ಲರ ಹೇಲು ಉಚ್ಚೆ ಹರಿಯುವ ಮೋರಿಗೆ ಮೊಣಕೈವರೆಗೂ ಕೈ ಹಾಕಿ, ಕಪ್ಪು ಬಗ್ಗಡ ಬಾಚಿ ಬಕೆಟ್ಟಿಗೆ ತುಂಬಿ ತಂದು ಚೀಲಕ್ಕೆ ಸುರಿದಳು. ಮತ್ತೆ ಹೋದಳು, ಮತ್ತೆ ತಂದಳು. ಮೂರು ಡ್ರಮ್ಮಿಗೂ ಸುರಿದು ಬರಿಗೈಯಲ್ಲೇ ಕಲಸಿದಳು. ಓಬಕ್ಕ ಅಳತೊಡಗಿದಳು.

"ಉಣ್ಣೋ ಅನ್ನ ಕೆಡಿಸ್ಬುಟ್ಟೆಯಲ್ಲ ವದಿನಾ," ಎಂದ ಆದಿನಾರಾಯಣ.

"ಕೆಟ್ಟಿದ್ದು ಮೊದ್ಲೇ ಕೆಟ್ಟಿತ್ತು. ಅವಳ ಕಣ್ಣಿಗೆ ಕಾಣೋ ಹಂಗೆ ಮಾಡಿದೆ, ಅಷ್ಟೆ." ಆಮೇಲೆ ಓಬಕ್ಕನ ಕಡೆ ತಿರುಗಿದಳು. "ಇದು ತಿಂದು ಕೋಳಿ ಸತ್ತವೆ ಕಣಮ್ಮ. ಬರೀ ಬಾಯಲ್ಲಿ ಹೇಳಿದ್ರೆ, ಮಕ್ಳು ಹಸಿವು ಅಂದಾಗ ತೊಳ್ಕೊಂಡು ಇಕ್ಕಿಬಿಡ್ತಿದ್ದೆ ನೀನು."

ಆ ಮಳೆಗಾಲ ಗೋರಂಟ್ಲದ ನನ್ನ ತವರಿಂದ ಜೋಳ ತರಿಸಿ ಓಬಕ್ಕನ ಮನೆಯವರೂ ನಾವೂ ಅರೆಹೊಟ್ಟೆ ಉಂಡೆವು. ಅಕ್ಕ ಇನ್ನೂ ಒಂಬತ್ತು ವರ್ಷ ಬದುಕಿದ್ದಳು. ಆದಿನಾರಾಯಣನ ಜೊತೆ ಮಾತು ಬಿಡಲಿಲ್ಲ, ಅವನ ಮಾತಿಗೆ ನಗುತ್ತಲೂ ಇದ್ದಳು. ನನ್ನ ಕೈಯಿಂದ ಮಾತ್ರ ಒಂದು ಲೋಟ ನೀರು ಮುಟ್ಟಲಿಲ್ಲ. ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟೆ, ಅವನಿಗಿಲ್ಲದ ಶಿಕ್ಷೆ ನನಗೇಕೆ ಎಂದು.

"ಅವನು ಆ ಮಕ್ಳ ಮುಖ ಒಂದು ದಿನಾನೂ ನೋಡಿದವನಲ್ಲ," ಅಂದಳು ಅಕ್ಕ. "ಅವು ನಿನ್ ಕೈತುತ್ತು ತಿಂದಿದ್ವು ಕಣೆ."