ವೈಡ್ ಬಾಲಿನ ಶುಕ್ರವಾರಗಳು

ಮದುವೆಯಾಗಿ ದೋಹಾಕ್ಕೆ ಬಂದ ಮೊದಲ ವರ್ಷ ನನ್ನ ಸಂಸಾರದಲ್ಲಿ ಇದ್ದದ್ದು ಒಂದೇ ಒಂದು ದುಃಖ. ಅದು ನಮ್ಮ ತಂಡದ ಬೌಲಿಂಗ್.

ನಾನು ಅಣ್ಣಂದಿರ ನಡುವೆ ಬೆಳೆದವಳು. ಮಂಗಳೂರಿನ ನಮ್ಮ ಮನೆಯಲ್ಲಿ ರೇಡಿಯೋ ಕಾಮೆಂಟರಿ ಶುರುವಾದರೆ ಅಮ್ಮ ಸಾರಿಗೆ ಒಗ್ಗರಣೆ ಹಾಕುವುದು ಕೂಡ ಓವರ್ ಮುಗಿದ ಮೇಲೆಯೇ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಎಲ್ಲರ ಎದುರಿಗೇ ಹುಡುಗನನ್ನು "ಕ್ರಿಕೆಟ್ ಆಡ್ತೀರಾ?" ಎಂದು ಕೇಳಿದವಳು ನಾನು. "ಓಪನಿಂಗ್ ಬೌಲರ್" ಎಂದರು ಅವರು, ಎದೆ ಸ್ವಲ್ಪ ಮುಂದೆ ಮಾಡಿ. ನಾನು ಅಲ್ಲೇ ಒಪ್ಪಿಬಿಟ್ಟೆ. ಕೆಲಸ ಯಾವುದು, ಮನೆತನ ಹೇಗೆ ಎಂದು ಅಪ್ಪ ಹತ್ತು ಕಡೆ ವಿಚಾರಿಸಿದರು. ಬೌಲಿಂಗ್ ಹೇಗೆ ಎಂದು ವಿಚಾರಿಸಲು ಮಾತ್ರ ಯಾರಿಗೂ ಹೊಳೆಯಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು ಇದು. ಐನ್ ಖಾಲಿದ್ ಕಡೆ ಆಗ ಮನೆಗಳಿಗಿಂತ ಬಯಲೇ ಹೆಚ್ಚು. ಗಟ್ಟಿ ಮಣ್ಣು, ಸಣ್ಣ ಕಲ್ಲು, ಮಧ್ಯದಲ್ಲಿ ಹಾಸಿದ ಒಂದು ಮ್ಯಾಟು; ಅದೇ ನಮ್ಮ ಗ್ರೌಂಡು. ಶುಕ್ರವಾರ ಬೆಳಗಾಗುತ್ತಿದ್ದಂತೆ ಅಲ್ಲಿ ಆಟ ಶುರುವಾಗಿ, ಜುಮ್ಮಾ ನಮಾಜಿಗೆ ಹೋಗುವವರು ಹೊರಡುವಷ್ಟರಲ್ಲಿ ಮುಗಿಯಬೇಕು. ನಮ್ಮದು ಮಂಗಳೂರು, ಉಡುಪಿ ಕಡೆಯವರ ತಂಡ. ಎದುರಿಗೆ ಒಂದು ವಾರ ಮಲಯಾಳಿಗಳು, ಇನ್ನೊಂದು ವಾರ ಗ್ಯಾರೇಜಿನ ಪಾಕಿಸ್ತಾನಿಗಳು, ಮತ್ತೊಂದು ವಾರ ಶ್ರೀಲಂಕಾದವರು. ಯಾರು ಬಂದರೂ ಸೋಲುವುದು ನಾವು.

ಹಾಗೆಂದು ನಮ್ಮವರಿಗೆ ಬ್ಯಾಟ್ ಹಿಡಿಯಲು ಬರುತ್ತಿರಲಿಲ್ಲವೆಂದಲ್ಲ. ರನ್ನು ಚೆನ್ನಾಗಿಯೇ ಮಾಡುತ್ತಿದ್ದರು. ಆಮೇಲೆ ಬೌಲಿಂಗಿಗೆ ಇಳಿದು, ಮಾಡಿದ್ದನ್ನೆಲ್ಲ ಮದುವೆ ಮನೆಯಲ್ಲಿ ಬಡಿಸುವವರ ಹಾಗೆ ಧಾರಾಳವಾಗಿ ಹಂಚಿಬಿಡುತ್ತಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಸ್ಪಿನ್ ಹಾಕುತ್ತಿದ್ದರು. ಚೆಂಡನ್ನು ಬೆರಳುಗಳ ನಡುವೆ ಭಯಂಕರವಾಗಿ ತಿರುಗಿಸುತ್ತಿದ್ದರು. ತಿರುಗುವುದೆಲ್ಲ ಅಲ್ಲೇ ಮುಗಿದು, ಕೈಬಿಟ್ಟ ಮೇಲೆ ಅದು ನೆಟ್ಟಗೆ ಹೋಗುತ್ತಿತ್ತು. ನಮ್ಮ ಕೆಳಗಿನ ಫ್ಲ್ಯಾಟಿನ ಬ್ಯಾರಿ ಸಾಹುಕಾರರಿಗೆ ಅಲ್ ಮುಂತಜಾದಲ್ಲಿ ಬಟ್ಟೆ ಅಂಗಡಿ. ಅವರು ಬೌಲಿಂಗ್ ಮಾಡುವಾಗಲೂ ಗಿರಾಕಿಗೆ ಸೀರೆ ಬಿಚ್ಚಿ ತೋರಿಸುವ ಧಾಟಿಯಲ್ಲೇ ಚೆಂಡನ್ನು ಮೆಲ್ಲಗೆ ಹರವುತ್ತಿದ್ದರು. ಬ್ಯಾಟ್ಸ್‌ಮನ್ ಬೇಕಾದ್ದನ್ನು ಆರಿಸಿಕೊಂಡು ಬಾರಿಸುತ್ತಿದ್ದ.

ಇವರಿಗೆಲ್ಲ ಕಳಶವಿಟ್ಟಂತೆ ನನ್ನ ಗಂಡ. ಅವರ ರನಪ್ ನೋಡಲು ಪಕ್ಕದ ಗ್ರೌಂಡಿನವರೂ ಆಟ ನಿಲ್ಲಿಸುತ್ತಿದ್ದರು. ಬೌಂಡರಿಯಾಚೆ ನಿಲ್ಲಿಸಿದ ನಮ್ಮ ಕಾರಿನ ಬಾನೆಟ್ಟಿನ ಬುಡದಲ್ಲಿ, ಮರಳು ತುಂಬಿದ ಹಾಲಿನ ಪುಡಿಯ ಡಬ್ಬಿಯೊಂದನ್ನು ಗುರುತಿಗೆ ಇಡುತ್ತಿದ್ದರು. ಅಲ್ಲಿಂದ ಹೊರಟರೆ, ಧೂಳೆಬ್ಬಿಸುತ್ತ, ಹಲ್ಲು ಕಚ್ಚುತ್ತ, ಅಂಪೈರನ ಹತ್ತಿರ ಬರುವ ಹೊತ್ತಿಗೆ ಉಸಿರೆಲ್ಲ ಖರ್ಚಾಗಿ, ಕುತ್ತಿಗೆ ಎಡಕ್ಕೆ ಬಿದ್ದು, ಚೆಂಡು ಬಲಕ್ಕೆ ಹೋಗಿ ಬೀಳುತ್ತಿತ್ತು. ಅಂಪೈರ್ ಎರಡೂ ಕೈ ಚಾಚುತ್ತಿದ್ದ. ಬೆಳಗ್ಗಿನಿಂದ ಕೈ ಚಾಚಿ ಚಾಚಿ ಒಬ್ಬ ಅಂಪೈರ್ ನನ್ನ ಹತ್ತಿರ ಬಂದು ಭುಜಕ್ಕೆ ಹಚ್ಚಲು ಮುಲಾಮು ಇದೆಯಾ ಎಂದು ಕೇಳಿದ್ದೂ ಉಂಟು.

"ರನಪ್ ಸ್ವಲ್ಪ ಕಡಿಮೆ ಮಾಡಿ ನೋಡಿ" ಎಂದು ಒಂದು ದಿನ ಮೆಲ್ಲಗೆ ಹೇಳಿದೆ.

"ಫಾಸ್ಟ್ ಬೌಲಿಂಗ್ ವಿಷಯ ಹೆಂಗಸರಿಗೆ ಎಂತ ಗೊತ್ತು?" ಎಂದರು. ನಾನು ಆ ಮಾತನ್ನು ಮನಸ್ಸಿನೊಳಗೆ ಉಪ್ಪಿನಕಾಯಿ ಹಾಕಿಟ್ಟುಕೊಂಡೆ.

ಹೀಗಿರುವಾಗ ಒಂದು ಶುಕ್ರವಾರ ಅವರ ಆಫೀಸಿನ ಅಮೆರಿಕನ್ ಬಾಸ್ ಆಟ ನೋಡಲು ಬಂದರು. ದೊಡ್ಡ ಟೋಪಿ, ಕೆಂಪು ಮೂಗು. ನನ್ನ ಪಕ್ಕದಲ್ಲೇ ಮಡಚುವ ಕುರ್ಚಿ ಹಾಕಿ ಕೂತು, ನಾನು ಕೊಟ್ಟ ಬನ್ಸ್ ತಿನ್ನುತ್ತ, ಒಂದೊಂದನ್ನೂ ಕೇಳಿ ತಿಳಿದುಕೊಂಡರು. ಅಂಪೈರ್ ಹಾಗೇಕೆ ಪದೇ ಪದೇ ಕೈ ಚಾಚುತ್ತಾನೆ ಎಂದು ಕೇಳಿದಾಗ ಹೇಳಲೇಬೇಕಾಯಿತು. ಅವರು ದೊಡ್ಡ ನಿಟ್ಟುಸಿರು ಬಿಟ್ಟರು.

"ನಮ್ಮೂರಿನ ಬೇಸ್‌ಬಾಲ್ ತಂಡದ್ದೂ ಇದೇ ಕಥೆ. ಚೆಂಡು ಎಸೆಯುವವರಿಗೆ ಪಿಚರ್ ಅನ್ನುತ್ತೇವೆ. ನಮ್ಮ ಪಿಚರ್‌ಗಳು ಚೆಂಡನ್ನು ಎಲ್ಲಿ ಬೇಕಾದರೂ ಎಸೆಯುತ್ತಾರೆ, ಹಾಕಬೇಕಾದ ಜಾಗ ಒಂದು ಬಿಟ್ಟು. ನನ್ನ ತಂಗಿ ಫೋನ್ ಮಾಡಿದರೆ ಮೊದಲು ಅವರನ್ನು ಬೈದು, ಆಮೇಲೆ ಮನೆಯವರ ಕ್ಷೇಮ ಹೇಳುತ್ತಾಳೆ."

ಸಾವಿರಾರು ಮೈಲಿ ಆಚೆ ಇನ್ನೊಬ್ಬ ಹೆಂಗಸು ನನ್ನ ಹಾಗೆಯೇ ಹೊಟ್ಟೆ ಉರಿಸಿಕೊಳ್ಳುತ್ತಿದ್ದಾಳೆ ಎಂದು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಇನ್ನೂ ಎರಡು ಬನ್ಸ್ ಬಡಿಸಿದೆ.

"ಅದಿರಲಿ, ನಿಮ್ಮ ಗಂಡ ಅಷ್ಟು ದೂರದಿಂದ ಏಕೆ ಓಡಿ ಬರುತ್ತಾನೆ?" ಎಂದರು. "ನಮ್ಮವರು ಓಡುವುದೇ ಇಲ್ಲ. ನಿಂತಲ್ಲಿಂದಲೇ ಎಸೆಯುತ್ತಾರೆ."

"ಓಡುವುದೇ ಇಲ್ಲವಾ?"

"ಒಂದು ಹೆಜ್ಜೆ, ಅಷ್ಟೆ."

ನಾನು ಆ ಒಂದು ಹೆಜ್ಜೆಯನ್ನೇ ಯೋಚಿಸುತ್ತಿದ್ದೆ. ಅಷ್ಟರಲ್ಲಿ ನೀರಿನ ಟ್ಯಾಂಕರೊಂದು ದಾರಿ ಹತ್ತಿರವಾಗಲೆಂದು ಗ್ರೌಂಡಿಗೇ ನುಗ್ಗಿ, ಓಡಿ ಬರುತ್ತಿದ್ದ ನನ್ನ ಗಂಡನ ಮುಂದೆಯೇ ಹಾದುಹೋಯಿತು. ಅವರು ಅರ್ಧ ದಾರಿಯಲ್ಲಿ ನಿಂತು ಡ್ರೈವರನಿಗೆ ತಮಗೆ ಬರುತ್ತಿದ್ದ ಅಷ್ಟೂ ಅರಬ್ಬಿಯಲ್ಲಿ ಬೈದರು. ವಾಪಸ್ ಡಬ್ಬಿಯವರೆಗೆ ನಡೆಯಲು ಬೇಸರವಾಗಿ ಅಲ್ಲಿಂದಲೇ ಓಡಿ ಬಂದು ಚೆಂಡು ಹಾಕಿದರು. ಅದು ಬಾಣದ ಹಾಗೆ ಹೋಗಿ ಮಧ್ಯದ ಸ್ಟಂಪನ್ನು ಕಿತ್ತಿತು. ಅದೂ ವೈಡೇ ಎಂದು ನಂಬಿ ಬ್ಯಾಟ್ ಎತ್ತಿ ನಿಂತಿದ್ದ ಶ್ರೀಲಂಕಾದವನು ಹಿಂದೆ ತಿರುಗಿ ಸ್ಟಂಪನ್ನು, ಆಮೇಲೆ ಅಂಪೈರನನ್ನು, ಕೊನೆಗೆ ಆಕಾಶವನ್ನು ನೋಡಿದ. ನಮ್ಮವರು ಕುಣಿದರು. ಮುಂದಿನ ಚೆಂಡಿಗೆ ನನ್ನ ಗಂಡ ಮತ್ತೆ ಬಾನೆಟ್ಟಿನ ಬುಡಕ್ಕೇ ಬಂದು ನಿಂತರು. ವೈಡ್.

ಸಂಜೆ ಕೆಳಗಿನ ಫ್ಲ್ಯಾಟಿಗೆ ಹೋಗಿ, ಸಾಹುಕಾರರ ಹೆಂಡತಿಯ ಹತ್ತಿರ ವಿಷಯ ಹೇಳಿದೆ. ನನಗಿಂತ ಹತ್ತು ವರ್ಷ ದೊಡ್ಡವರು, ನೋಡಲು ಬಹಳ ಗಂಭೀರ. ದೋಹಾದಲ್ಲಿ ನನಗಿದ್ದ ಒಬ್ಬಳೇ ಅಕ್ಕ ಎಂದರೆ ಅವರೇ.

"ಹೇಳಿದ್ರೆ ಕೇಳೂದಿಲ್ಲ ಅಲ್ವಾ? ಹಾಗಾದ್ರೆ ಹೇಳೂದು ಯಾಕೆ?" ಎಂದರು ಅಕ್ಕ. "ಡಬ್ಬಿ ಜರುಗಿಸುವ."

"ಗೊತ್ತಾದ್ರೆ?"

"ಎಂತ ಗೊತ್ತಾಗ್ತದೆ ಮಾರಾಯ್ತಿ? ಮನೆಯಲ್ಲಿ ಸೋಫಾ ಆಚೆ ಈಚೆ ಮಾಡಿದ್ರೆ ಇವರಿಗೆ ತಿಂಗಳುಗಟ್ಟಲೆ ಗೊತ್ತಾಗೂದಿಲ್ಲ."

ಮುಂದಿನ ಶುಕ್ರವಾರ ನಮ್ಮ ಕೆಲಸ ಶುರುವಾಯಿತು. ನನ್ನ ಗಂಡ ಮೊದಲ ಓವರ್ ಮುಗಿಸಿ ಆಚೆ ಬದಿಗೆ ಫೀಲ್ಡಿಂಗಿಗೆ ಹೋದ ಕೂಡಲೇ ಅಕ್ಕ ಕಾರಿನಿಂದಿಳಿದು, ಡಬ್ಬಿಯ ಹತ್ತಿರ ಚಪ್ಪಲಿ ಸರಿಮಾಡಲು ಬಗ್ಗಿದರು. ಎದ್ದು ನಿಂತಾಗ ಡಬ್ಬಿ ಇರಲಿಲ್ಲ. ಬುರ್ಖಾದೊಳಗೆ ಸೇರಿತ್ತು. ನಿಧಾನವಾಗಿ ನಾಲ್ಕು ಹೆಜ್ಜೆ ಮುಂದೆ ನಡೆದು, ಇನ್ನೊಂದು ಚಪ್ಪಲಿಯನ್ನೂ ಸರಿಮಾಡಿದರು. ಡಬ್ಬಿ ಅಲ್ಲಿ ಪ್ರತ್ಯಕ್ಷವಾಯಿತು. ನಾನು ಕಾರಿನ ಬಾಗಿಲಲ್ಲಿ ಕಾವಲು. ನಗು ತಡೆಯಲಾಗದೆ ಲಬಾನ್ ಮಜ್ಜಿಗೆಯ ಬಾಟಲಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದೆ.

ಡಬ್ಬಿ ಬೌಂಡರಿಯೊಳಗೆ ಹೋದ ಮೇಲೆ ನೆಪಗಳು ಬೇಕಾದವು. ಫೀಲ್ಡರುಗಳಿಗೆ ನೀರು ಕೊಂಡೊಯ್ಯುವುದು ಒಂದು ನೆಪ. ಮರಳಲ್ಲಿ ಅಕ್ಕನ ಕಿವಿಯೋಲೆ ಬಿದ್ದದ್ದು ಇನ್ನೊಂದು; ಆ ಓಲೆ ಎಷ್ಟು ಸಲ ಬಿತ್ತೆಂದರೆ, "ಹೊಸ ಜೋಡಿ ತೆಗೆಸಿ ಕೊಡುವುದೇ ಅಗ್ಗ" ಎಂದು ಸಾಹುಕಾರರು ಕೊಡಿಸಿಯೇಬಿಟ್ಟರು. ಅದು ನಮ್ಮ ಯೋಜನೆಯಲ್ಲಿ ಇರಲಿಲ್ಲ. ಲಾಭವಾದ ಮೇಲೆ ಬೇಡವೆನ್ನುವ ಜಾತಿಯವರೂ ಅಕ್ಕ ಅಲ್ಲ.

ಪ್ರತಿ ಆಟದ ದಿನ ಬೆಳಗ್ಗೆ ನನ್ನ ಗಂಡ ಡಬ್ಬಿಯನ್ನು ಬಾನೆಟ್ಟಿನ ಬುಡದಲ್ಲೇ ಇಡುವರು. ಎರಡನೇ ಓವರಿನಿಂದ ಅದು ಮುಂದಕ್ಕೆ ನಡೆಯತೊಡಗುವುದು. ಕೊನೆಯ ಓವರಿನ ಹೊತ್ತಿಗೆ ರನಪ್ ಅರ್ಧವಾಗಿರುತ್ತಿತ್ತು. ಚೆಂಡು ನೆಟ್ಟಗೆ ಬೀಳತೊಡಗಿತು. ವಿಕೆಟ್ಟುಗಳು ಉರುಳತೊಡಗಿದವು. ಮಲಯಾಳಿಗಳ ಎದುರು ನಾವು ಗೆದ್ದೇಬಿಟ್ಟೆವು. ಹೇಗೆ ಸಂಭ್ರಮಿಸಬೇಕೆಂದು ಅಭ್ಯಾಸವಿಲ್ಲದೆ ನಮ್ಮವರು ಒಬ್ಬರಿಗೊಬ್ಬರು ಕೈಕುಲುಕಿ ಥ್ಯಾಂಕ್ಸ್ ಹೇಳಿಕೊಂಡರು.

ಮನೆಯಲ್ಲಿ ನನ್ನ ಗಂಡನ ಗತ್ತೇ ಬೇರೆಯಾಯಿತು. "ನೋಡು, ಸೆಕೆಂಡ್ ಸ್ಪೆಲ್ಲಿನಲ್ಲಿ ಈಗ ಉಸಿರೇ ಕಟ್ಟುವುದಿಲ್ಲ. ಸಂಜೆ ವಾಕಿಂಗ್ ಹೋಗ್ತೇನಲ್ಲ, ಅದರ ಫಲ." ನಾನು ತಲೆಯಾಡಿಸಿದೆ. ವಾಕಿಂಗಿಗೆಂದು ಹೊರಟು ಅವರು ಮೂಲೆಯ ಕರಕ್ ಚಹಾದ ಅಂಗಡಿ ದಾಟಿದ್ದನ್ನು ನಾನಂತೂ ಕಂಡಿರಲಿಲ್ಲ.

ಎಲ್ಲ ಕೆಡಿಸಿದ್ದು ನಮ್ಮ ತಂಡದ ಕ್ಯಾಪ್ಟನ್. ಒಂದು ಕಂಪನಿಯ ಅಕೌಂಟ್ಸಿನಲ್ಲಿದ್ದ ಅವರು ಹೊಸದಾಗಿ ಹ್ಯಾಂಡಿಕ್ಯಾಮ್ ಕೊಂಡಿದ್ದರು. ಗ್ಯಾರೇಜಿನವರ ಎದುರಿನ ಪಂದ್ಯವನ್ನು ಪೂರ್ತಿ ಶೂಟ್ ಮಾಡಿಸಿ, ಅದನ್ನೂ ಗೆದ್ದ ಖುಷಿಯಲ್ಲಿ, ಅದೇ ಸಂಜೆ ತಂಡವನ್ನೆಲ್ಲ ನಮ್ಮ ಫ್ಲ್ಯಾಟಿಗೆ ಕರೆತಂದು ಟಿವಿಗೆ ವಯರ್ ಜೋಡಿಸಿದರು. ನಾನು ಮತ್ತು ಅಕ್ಕ ಅಡುಗೆಮನೆಯಲ್ಲಿ ಗೋಳಿಬಜೆ ಕರಿಯುತ್ತಿದ್ದೆವು. ಹಾಲ್‌ನಲ್ಲಿ ಒಂದೇ ಸಮನೆ ಇದ್ದ ಗಲಾಟೆ ಫಕ್ಕನೆ ನಿಂತಿತು.

"ಒಮ್ಮೆ ಹಿಂದೆ ಮಾಡಿ" ಎಂದ ನನ್ನ ಗಂಡನ ಧ್ವನಿ ಕೇಳಿಸಿತು.

ನಾವು ಬಾಗಿಲಿಗೆ ಬಂದು ಇಣುಕಿದೆವು. ಟಿವಿಯ ಮೂಲೆಯಲ್ಲಿ ಡಬ್ಬಿ ಕಾಣುತ್ತಿತ್ತು. ಕಪ್ಪು ಬುರ್ಖಾವೊಂದು ಗಂಭೀರವಾಗಿ ಹಾದುಹೋಯಿತು. ಡಬ್ಬಿ ಮಾಯ. ಬುರ್ಖಾ ಸ್ವಲ್ಪ ಮುಂದೆ ಹೋಗಿ ಬಗ್ಗಿತು. ಡಬ್ಬಿ ಹಾಜರ್. ಹಿಂದೆಯೇ ನಾನು ನೀರಿನ ಜಗ್ಗು ಹಿಡಿದು, ಕ್ಯಾಮೆರಾದ ಕಡೆಗೇ ಹಲ್ಲು ಕಿರಿಯುತ್ತ ನಿಂತಿದ್ದೆ.

ಸಾಹುಕಾರರು ಬಾಯಿ ಬಿಟ್ಟವರು ಮುಚ್ಚಲಿಲ್ಲ. "ಅಲ್ಲಾ, ನಾನು ಅಂಗಡಿಯಲ್ಲಿ ಗಿರಾಕಿಗಳನ್ನು ಕಾಯ್ತೇನೆ. ಕಾಯ್ಬೇಕಾದದ್ದು ಇವಳನ್ನು!" ಎಂದರು. ಅಷ್ಟಾದದ್ದೇ, ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬ್ಯಾಂಕಿನವರು ನಕ್ಕು ನಕ್ಕು ಸೋಫಾದಿಂದ ಕೆಳಗಿಳಿದರು.

"ಯಲ್ಲಾ, ಖಲಾಸ್. ಬಜೆ ತಣಿತದೆ, ತಿನ್ನಿ ಎಲ್ಲ" ಎಂದು ಅಕ್ಕ ತಟ್ಟೆ ತಂದಿಟ್ಟರು, ಏನೂ ಆಗದವರ ಹಾಗೆ.

ನನ್ನ ಗಂಡ ಮಾತ್ರ ನಗಲಿಲ್ಲ. ಎಲ್ಲರೂ ಹೋದ ಮೇಲೆ ಅಡುಗೆಮನೆಗೆ ಬಂದು, ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯುತ್ತ ನಿಂತರು. "ನನಗೆ ಹೇಳಬಹುದಿತ್ತಲ್ಲ?"

"ಹೇಳಿದ್ದೆ. ಹೆಂಗಸರಿಗೆ ಎಂತ ಗೊತ್ತು ಅಂದ್ರಿ."

ಅವರು ಲೋಟವನ್ನು ಬೋರಲು ಹಾಕಿ ಹೊರಟುಹೋದರು. ನನಗೂ ಒಂದು ಕ್ಷಣ ಒಳಗೆ ಚುಚ್ಚಿತು. ಗೆಳೆಯರ ಎದುರು ಅವರ ಮುಖ ಸಣ್ಣದಾದದ್ದನ್ನು ಕಂಡಿದ್ದೆ. ಅವರಿಗಿಷ್ಟವೆಂದು ರಾತ್ರಿಗೆ ಬಂಗುಡೆ ಪುಳಿಮುಂಚಿ ಮಾಡಿದೆ. ಮುಖ ಊದಿಸಿಕೊಂಡೇ ಊಟ ಮಾಡಿದರು, ಎರಡು ಸಲ ಹಾಕಿಸಿಕೊಂಡು. ಕೋಪ ತಲೆಯಲ್ಲಿದೆ, ಹೊಟ್ಟೆಗೆ ಇಳಿದಿಲ್ಲ ಎಂದು ನಿಶ್ಚಿಂತಳಾದೆ.

ಮುಂದಿನ ಶುಕ್ರವಾರ ಗ್ರೌಂಡಿಗೆ ಬಂದದ್ದೇ ಡಬ್ಬಿಯನ್ನು ಬಾನೆಟ್ಟಿನ ಬುಡದಲ್ಲೇ ಟಪ್ಪೆಂದು ಇಟ್ಟರು. ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಇನ್ನೊಮ್ಮೆ ಒತ್ತಿ ಇಟ್ಟರು. ನಾನೂ ಅಕ್ಕನೂ ಕೈಕಟ್ಟಿ ಕೂತೆವು. ಮೊದಲ ಚೆಂಡು ವೈಡ್. ಎರಡನೆಯದು ಕೀಪರನಿಗೂ ಸಿಗದಷ್ಟು ವೈಡ್. ಮೂರನೆಯದರಿಂದ ಸ್ಕ್ವೇರ್ ಲೆಗ್ಗಿನ ಅಂಪೈರ್ ಹಾರಿ ತಪ್ಪಿಸಿಕೊಂಡ. ಆಮೇಲೆ ಅವರು ಮತ್ತೆ ಡಬ್ಬಿಯ ಹತ್ತಿರ ಬಂದು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಸುತ್ತಲೂ ನೋಡಿದರು. ಕೊನೆಗೆ ಡಬ್ಬಿಯನ್ನು ತಾವೇ ಎತ್ತಿಕೊಂಡು, ಎಲ್ಲರೂ ನೋಡುತ್ತಿದ್ದಂತೆ, ಗ್ರೌಂಡಿನೊಳಗೆ ನಡೆದು ಒಂದು ಕಡೆ ಇಟ್ಟರು. ಇಟ್ಟು ನನ್ನ ಕಡೆ ತಿರುಗಿದರು.

ನಾನು ಕೈಯಿಂದ ಸನ್ನೆ ಮಾಡಿದೆ, ಇನ್ನೂ ಸ್ವಲ್ಪ ಮುಂದೆ.

ಇಟ್ಟರು.

ಆ ಪಂದ್ಯವನ್ನು ನಾವು ಸೋತೆವು. ಆದರೆ ಸೋತದ್ದು ಬ್ಯಾಟಿಂಗಿನಿಂದ! ಬೌಲಿಂಗ್ ಚೆನ್ನಾಗಿದ್ದೂ ಸೋಲಬಹುದು ಎಂಬ ಹೊಸ ಅನುಭವದಿಂದ ನನಗಾದ ಹೆಮ್ಮೆಯನ್ನು ಯಾರಿಗೆ ಹೇಳಲಿ? ಅಮೆರಿಕನ್ ಬಾಸಿಗೆ ಹೇಳಿದೆ. ಅವರು ನನ್ನ ಕೈ ಹಿಡಿದು ಕುಲುಕಿ, "ನಮ್ಮೂರಿನ ತಂಡಕ್ಕೂ ಒಮ್ಮೆ ಬಂದು ಹೋಗಿ" ಎಂದರು.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ಸಂಜೆ ಬ್ಯಾಂಕಿನವರು ಅರ್ಧ ಕಿಲೋ ಹಲ್ವಾ ಹಿಡಿದುಕೊಂಡು ಮನೆಗೆ ಬಂದರು. ನನ್ನ ಗಂಡ ಸ್ನಾನಕ್ಕೆ ಹೋಗುವುದನ್ನೇ ಕಾದು, ದನಿ ತಗ್ಗಿಸಿ, "ನನ್ನ ಸ್ಪಿನ್ನಿಗೆ ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ಸಾಹುಕಾರರ ಬೌಲಿಂಗಿನ ಜವಾಬ್ದಾರಿಯನ್ನು ಅಕ್ಕ ತಾವೇ ವಹಿಸಿಕೊಂಡರು. ಅವರ ವಿಧಾನ ಸರಳ. ಶುಕ್ರವಾರ ಸಿಕ್ಸರ್ ಹೊಡೆಸಿಕೊಂಡರೆ ಶನಿವಾರ ಅಂಗಡಿಗೆ ಬುತ್ತಿ ಮಾಫಿ, ಅರಬ್ಬಿಯಲ್ಲಿ ಹೇಳುವ ಹಾಗೆ, ಇಲ್ಲವೇ ಇಲ್ಲ. ಎರಡು ವಾರದಲ್ಲಿ ಚೆಂಡು ಹರವುವುದನ್ನು ಸಾಹುಕಾರರು ನಿಲ್ಲಿಸಿದರು.

ಬೇಸಿಗೆಗೆ ಆಟ ನಿಲ್ಲುವ ಮುಂಚೆ ಕ್ಯಾಪ್ಟನ್ ಮನೆಯಲ್ಲಿ ತಂಡಕ್ಕೆಲ್ಲ ಊಟವಿತ್ತು. ಊರಿನಿಂದ ಹೊಸದಾಗಿ ಕೆಲಸಕ್ಕೆ ಬಂದಿದ್ದ ಇಬ್ಬರು ಬೌಲರುಗಳನ್ನು ಎದುರು ಕೂರಿಸಿಕೊಂಡು ನನ್ನ ಗಂಡ ಪಾಠ ಹೇಳುತ್ತಿದ್ದರು.

"ರನಪ್ ಉದ್ದ ಇದ್ರೆ ಸ್ಪೀಡ್ ಬರ್ತದೆ ಅಂತ ಎಲ್ಲರೂ ತಿಳ್ಕೊಂಡಿರ್ತಾರೆ. ಸುಳ್ಳು. ಬ್ಯಾಲೆನ್ಸ್ ಮುಖ್ಯ. ನಾನಿದನ್ನು ಯಾರಿಂದಲೂ ಕಲಿತದ್ದಲ್ಲ. ಸ್ವಂತ ಯೋಚನೆ ಮಾಡಿ, ಸ್ಟೆಪ್ ಬೈ ಸ್ಟೆಪ್ ಕಡಿಮೆ ಮಾಡಿದ್ದು."

ಇಬ್ಬರೂ ಭಕ್ತಿಯಿಂದ ತಲೆಯಾಡಿಸಿದರು. ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದರು. ನಾನು ಗಂಡನ ತಟ್ಟೆಗೆ ಇನ್ನೊಂದು ತುಂಡು ಅಂಜಲ್ ಮೀನಿನ ಫ್ರೈ ಹಾಕಿ, "ಹೌದು, ನಾನು ಕಣ್ಣಾರೆ ನೋಡಿದ್ದೇನೆ" ಎಂದೆ.