ಬಟ್ಟಲಿನ ತಳದ ಮೀನು

ಅಕ್ಕ ಹಲ್ಲು ಮಾಡುವವಳು. ದಂತವೈದ್ಯರು ಕಳಿಸುವ ಅಚ್ಚು ನೋಡಿ, ಬಾಯಿ ಬೊಚ್ಚಾದವರಿಗೆ ಹಲ್ಲಿನ ಸೆಟ್ಟು ಕಟ್ಟುವ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷದ ಸರ್ವಿಸು. ಊರಿನ ಅರ್ಧ ಜನ ನನ್ನ ಹಲ್ಲಿನಲ್ಲೇ ನಗುವುದು ಎಂದು ಅವಳು ಕೊಚ್ಚಿಕೊಳ್ಳುತ್ತಾಳೆ, ತಾನು ಮಾತ್ರ ನಗುವುದು ಕಡಿಮೆ. ಕೋಪ ಮೂಗಿನ ತುದಿಯಲ್ಲೇ. ನೋಡಲು ಬಂದ ಗಂಡುಗಳನ್ನೆಲ್ಲ ಹಲ್ಲು ಸರಿಯಿಲ್ಲವೆಂದೇ ವಾಪಸು ಕಳಿಸಿದಳೆಂದು ತಂಗಿ ಈಗಲೂ ಛೇಡಿಸುವುದುಂಟು. ತಂಗಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಇಬ್ಬರೇ.

ಭಾನುವಾರ ಬಂತೆಂದರೆ ಅಕ್ಕ ಬೇರೆಯೇ ಹೆಂಗಸು. ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳದೊಂದು ತಿಗರಿಯಿದೆ. ಒಂಬತ್ತು ವರ್ಷದ ಹಿಂದೆ ಕುಂಬಾರಿಕೆಯ ಸಂಜೆ ತರಗತಿಗೆ ಸೇರಿ ಹತ್ತಿಸಿಕೊಂಡ ಹುಚ್ಚು. ಮಣ್ಣು ನಾದಿ, ಮುದ್ದೆಯನ್ನು ತಿಗರಿಯ ನಡುವೆ ಥಪ್ಪೆಂದು ಬಡಿದು, ಮೊಣಕೈಗಳನ್ನು ತೊಡೆಗೆ ಒತ್ತಿಕೊಂಡು ಕೂರುತ್ತಾಳೆ. ಓಲಾಡುವ ಮುದ್ದೆ ಅಂಗೈಯೊಳಗೆ ಅಲುಗದೆ ನಿಂತ ಗಳಿಗೆಯಲ್ಲಿ ಅವಳ ಮುಖದ ಗಂಟೂ ಸಡಿಲವಾಗುತ್ತದೆ. ಮಾಡುವುದು ಬಟ್ಟಲು ಮಾತ್ರ, ಎಲ್ಲವೂ ಒಂದೇ ಅಳತೆ. ಹಸಿ ಇರುವಾಗಲೇ ಮಗುಚಿ ಸೂಜಿಯಿಂದ ತಾರೀಖು ಗೀಚುತ್ತಾಳೆ. ತರಗತಿಯ ಭಟ್ಟಿಯಲ್ಲಿ ಒಮ್ಮೆ ಸುಟ್ಟು ತಂದ ಮೇಲೆ ಒಳಗಡೆ ತಳದಲ್ಲಿ ನೀಲಿಯ ಒಂದು ಮೀನು: ಬೆನ್ನಿಗೊಂದು ಗೆರೆ, ಹೊಟ್ಟೆಗೊಂದು ಗೆರೆ, ಬಾಲಕ್ಕೊಂದು ತಿರುವು, ಕಣ್ಣಿಗೊಂದು ಚುಕ್ಕೆ. ಹೂವೋ ಹಕ್ಕಿಯೋ ಬರೆಯಬಾರದೇ ಎಂದು ಯಾರಾದರೂ ಕೇಳಿದರೆ, "ಮೀನೇ ಇನ್ನೂ ನೆಟ್ಟಗೆ ಬಂದಿಲ್ಲ" ಎಂದು ಬಾಯಿ ಮುಚ್ಚಿಸುತ್ತಾಳೆ.

ಅವಳಿಗೆ ಇರುವುದು ಒಂದೇ ಭಯ, ಅಮ್ಮನ ಕೈ. ಐವತ್ತಾರನೇ ವಯಸ್ಸಿಗೆ ಅಮ್ಮನ ಕೈ ನಡುಗತೊಡಗಿತ್ತು. ಕೊನೆಕೊನೆಗೆ ಲೋಟ ಹಿಡಿದರೆ ಅರ್ಧ ನೀರು ಎದೆಯ ಮೇಲೆ ಚೆಲ್ಲುತ್ತಿತ್ತು. ಈ ನರದ ಕಾಯಿಲೆ ಮಕ್ಕಳಿಗೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಆಗಲೇ ಹೇಳಿ ಕೈ ತೊಳೆದುಕೊಂಡಿದ್ದರು. ಅಕ್ಕನಿಗೆ ಈಗ ಐವತ್ತೈದು. ದಿನಾ ಬೆಳಿಗ್ಗೆ ಎದ್ದವಳೇ ಕಿಟಕಿಯ ಮುಂದೆ ಕೈ ಚಾಚಿ, ಬೆರಳುಗಳ ಮೇಲೊಂದು ತೆಳು ಕಾಗದವಿಟ್ಟು ನೂರರವರೆಗೆ ಎಣಿಸುತ್ತಾಳೆ. ಕಾಗದ ಇವತ್ತಿನವರೆಗೂ ಅಲುಗಿಲ್ಲ. ಲ್ಯಾಬಿನ ಕೆಲಸ ಹೋದರೆ ಹೇಗೋ ತಡೆದುಕೊಂಡಾಳು. ತಿಗರಿ ಹೋದರೆ ಬದುಕುವುದು ಹೇಗೆಂದು ಅವಳಿಗೆ ಗೊತ್ತಿಲ್ಲ.

ಎರಡು ವರ್ಷದಿಂದ ತಂಗಿಯ ವರಸೆ ಬದಲಾಗಿತ್ತು. ಅಕ್ಕ ಬಟ್ಟಲುಗಳನ್ನು ತಾರೀಖಿನ ಪ್ರಕಾರ ಶೆಲ್ಫಿನಲ್ಲಿ ಜೋಡಿಸಿಟ್ಟರೆ ಸಂಜೆಯೊಳಗೆ ಎಲ್ಲ ಕಲಸುಮೇಲೋಗರ. ಹೊಸವು ಗೋಡೆಯ ಕಡೆ, ಒಂದರೊಳಗೊಂದು. ಕೇಳಿದರೆ "ಧೂಳು ಒರೆಸಿದೆ ಕಣೇ" ಎನ್ನುತ್ತಿದ್ದಳು. ಈ ಸೋಮಾರಿಗೆ ಧೂಳು ಯಾವಾಗಿನಿಂದ ಕಣ್ಣಿಗೆ ಬೀಳತೊಡಗಿತು ಎಂದು ಅಕ್ಕ ಗೊಣಗಿಕೊಳ್ಳುತ್ತಿದ್ದಳು. ಒಮ್ಮೆ ಅಕ್ಕ ಬರೆದುಕೊಟ್ಟ ಸಾಮಾನಿನ ಚೀಟಿಯನ್ನು ತಂಗಿ ತುಂಬಾ ಹೊತ್ತು ನೋಡಿ, ಮಡಚಿ ಪರ್ಸಿನೊಳಗೆ ಇಟ್ಟುಕೊಂಡಳು. ಆಮೇಲಿನ ಚೀಟಿಗಳನ್ನೆಲ್ಲ ತಾನೇ ಬರೆದಳು. ಕಳೆದ ತಿಂಗಳು ಹೆಬ್ಬೆರಳಿನಷ್ಟು ದಪ್ಪದ ಕುಂಚವೊಂದನ್ನು ತಂದುಕೊಟ್ಟಳು.

"ಇದ್ರಲ್ಲಿ ಮೀನು ಬರೀಲಾ, ಗೋಡೆಗೆ ಸುಣ್ಣ ಹೊಡೀಲಾ?" ಎಂದಳು ಅಕ್ಕ.

ಗಾಳಿ ಬೀಸಿದರೂ ನಗುವ ತಂಗಿ ನಗಲಿಲ್ಲ. ಅಕ್ಕನಿಗೆ ಒಳಗೇನೋ ಚುಚ್ಚಿತು. ಅಮ್ಮನ ಕಾಯಿಲೆ ಇವಳಿಗೇ ಬಂದು ತನ್ನಿಂದ ಮುಚ್ಚಿಡುತ್ತಿದ್ದಾಳೆಯೇ? ಅಂದಿನಿಂದ ಊಟಕ್ಕೆ ಕೂತಾಗ ತಂಗಿಯ ಬೆರಳುಗಳನ್ನೇ ಕದ್ದು ನೋಡತೊಡಗಿದಳು. ಬೆರಳುಗಳು ಚೆನ್ನಾಗಿಯೇ ಇದ್ದವು. ಎಷ್ಟೋ ಸಲ ತಂಗಿಯೂ ಅಕ್ಕನ ಕೈಯನ್ನೇ ನೋಡುತ್ತಿರುವುದು ಕಂಡು ಇಬ್ಬರೂ ಥಟ್ಟನೆ ತಟ್ಟೆಗೆ ಕಣ್ಣು ಇಳಿಸುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ತರಗತಿಯ ಮೇಡಂ ಫೋನ್ ಮಾಡಿದರು. ಪ್ರದರ್ಶನಕ್ಕೆ ವರ್ಷಕ್ಕೊಂದರಂತೆ ಒಂಬತ್ತು ಬಟ್ಟಲು ಬೇಕು, ಸಾಲಾಗಿ ಇಟ್ಟರೆ ಕೈ ಹೇಗೆ ಪಳಗುತ್ತದೆಂದು ಹೊಸಬರಿಗೆ ತೋರಿಸಬಹುದು ಎಂದರು. ಅಕ್ಕ ಒಳಗೊಳಗೇ ಉಬ್ಬಿದಳು. ತಂಗಿ ಅಂಗಡಿಗೆ ಹೋಗಿದ್ದಳು. ಶೆಲ್ಫಿನಿಂದ ಅಷ್ಟನ್ನೂ ಇಳಿಸಿ, ಒಂದೊಂದನ್ನೂ ಮಗುಚಿ ತಾರೀಖು ಓದಿ, ಒಂಬತ್ತನ್ನು ಆರಿಸಿ ನೆಲದ ಮೇಲೆ ಸಾಲಾಗಿ ಇಟ್ಟಳು. ಈಚಿನ ತಾರೀಖುಗಳನ್ನು ಓದಲು ಬಟ್ಟಲನ್ನು ಕಿಟಕಿಯ ಬೆಳಕಿಗೆ ಒಯ್ಯಬೇಕಾಯಿತು. ಕಣ್ಣು ಮಂಜಾಗಿದೆ, ತಂಗಿಯ ಅಂಗಡಿಗೇ ಒಮ್ಮೆ ಹೋಗಬೇಕು ಅಂದುಕೊಂಡಳು.

ಆಮೇಲೆ ಎದ್ದು ನಿಂತು ಸಾಲನ್ನು ನೋಡಿದಳು.

ಮೊದಲ ವರ್ಷದ ಮೀನು ಬಟ್ಟಲಿನ ತಳವನ್ನೆಲ್ಲ ತುಂಬಿಕೊಂಡಿತ್ತು. ಅದನ್ನು ಮುಚ್ಚಲು ಇಡೀ ಅಂಗೈ ಬೇಕು. ಐದನೆಯ ವರ್ಷದವರೆಗೂ ಹಾಗೇ ಇತ್ತು. ಆರನೆಯದು ಸ್ವಲ್ಪ ಕುಗ್ಗಿತ್ತು. ಏಳು, ಎಂಟು ಇನ್ನೂ ಸಣ್ಣವು. ಒಂಬತ್ತನೆಯ ಬಟ್ಟಲಿನ ನಟ್ಟನಡುವೆ ಕಿರುಬೆರಳಿನ ಉಗುರಿನಷ್ಟು ಒಂದು ಮೀನು, ಸುತ್ತ ಬರೀ ಬಿಳಿ. ಅಷ್ಟು ಸಣ್ಣದಾಗಿ ಬರೆದ ನೆನಪೇ ಅವಳಿಗಿರಲಿಲ್ಲ. ತಂಗಿ ಒರೆಸುತ್ತಿದ್ದ ಶೆಲ್ಫಿನ ಧೂಳು ಎಂಥದ್ದೆಂದು ಆಗ ತಿಳಿಯಿತು.

ತಂಗಿ ಬಂದಾಗ ಅಕ್ಕ ನೆಲದ ಮೇಲೆ ಕೂತೇ ಇದ್ದಳು. ಸಾಲನ್ನು ಕಂಡ ತಂಗಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು.

"ಯಾವಾಗಿಂದ ಗೊತ್ತು ನಿಂಗೆ?" ಎಂದಳು ಅಕ್ಕ.

ತಂಗಿ ಒಳಗೆ ಹೋದಳು. ಬೀರುವಿನಿಂದ ಒಂದು ಕಟ್ಟು ಕಾಗದ ತಂದು ಅವಳ ಮಡಿಲಿಗೆ ಹಾಕಿದಳು. ತಂಗಿ ಹಾಸ್ಟೆಲಿನಲ್ಲಿದ್ದಾಗ ಅಮ್ಮ ಬರೆದ ಪತ್ರಗಳು. ಅಕ್ಕ ಅವನ್ನು ನೋಡಿಯೇ ಇರಲಿಲ್ಲ. ಮೊದಲ ಪತ್ರಗಳಲ್ಲಿ ಗುಂಡು ಗುಂಡಾದ ದೊಡ್ಡ ಅಕ್ಷರ. ಪತ್ರದಿಂದ ಪತ್ರಕ್ಕೆ ಅದು ಕುಗ್ಗುತ್ತಾ ಹೋಗಿ ಕಟ್ಟಿನ ತಳದಲ್ಲಿ ಇರುವೆಸಾಲಾಗಿತ್ತು.

"ಅಮ್ಮನ ಕೈ ನಡುಗೋಕೆ ಎರಡು ವರ್ಷ ಮುಂಚೆನೇ ಅಕ್ಷರ ಹೀಗಾಗಿತ್ತು," ಎಂದಳು ತಂಗಿ. "ಕಾಗದ ಉಳಿಸ್ತಿದೀಯ ಜಿಪುಣಿ ಅಂತ ನಾನು ತಮಾಷೆ ಮಾಡಿ ಬರೀತಿದ್ದೆ. ನಿನ್ನ ಮೀನು ಸಣ್ಣ ಆಗ್ತಿರೋದು ಕಂಡಾಗ ಹೇಳ್ಬೇಕು ಅನ್ಕೊಂಡೆ. ಬಾಯೇ ಬರ್ಲಿಲ್ಲ. ತಿಗರಿ ಮುಂದೆ ಕೂತಾಗ ಮಾತ್ರ ನೀನು ಖುಷಿಯಾಗಿರ್ತೀಯ."

ಅಕ್ಕನಿಗೆ ಕೋಪ ಉಕ್ಕಿ ಬಂತು. ಡಾಕ್ಟರ ಹತ್ತಿರ ಹೋಗಬಹುದಾಗಿದ್ದ ಎರಡು ವರ್ಷಗಳನ್ನು ಇವಳು ಶೆಲ್ಫಿನ ಹಿಂದೆ ಮುಚ್ಚಿಟ್ಟಿದ್ದಳು. ಬಾಯಿಗೆ ಬಂದಂತೆ ಬೈಯಬೇಕೆಂದು ತಲೆ ಎತ್ತಿದವಳು ತಂಗಿಯ ಮುಖ ನೋಡಿ ಬಟ್ಟಲುಗಳ ಕಡೆ ತಿರುಗಿದಳು.

"ಆ ದಪ್ಪ ಕುಂಚ ಎಲ್ಲಿ, ತಾ," ಎಂದಳು. "ಈಗ ಬರೀತೀನಿ ನೋಡು. ಬೇಕಂತಲೇ ದೊಡ್ಡದು."

ಸುಟ್ಟು ತಂದಿದ್ದ ಬರಿ ಬಟ್ಟಲೊಂದನ್ನು ಮಡಿಲಲ್ಲಿ ಇಟ್ಟುಕೊಂಡು, ಕುಂಚದ ಚೂಪು ತುದಿಯನ್ನು ನೀಲಿಯಲ್ಲಿ ಅದ್ದಿ, ಭುಜದಿಂದಲೇ ತೋಳು ಬೀಸಿ ಬರೆದಳು. ಬೆನ್ನು, ಹೊಟ್ಟೆ, ಬಾಲ, ಕಣ್ಣು. ಕೈ ಒಂದಿಷ್ಟೂ ನಡುಗಲಿಲ್ಲ. ತೋಳು ಎಷ್ಟು ದೂರ ಓಡಿತೆಂದರೆ ಮೀನು ಅಂಚು ದಾಟಿ ಹೋಯಿತೇನೋ ಎಂದು ಅವಳಿಗೆ ಅನ್ನಿಸಿತು.

"ಈ ಸಲ ದೊಡ್ಡದಾಯ್ತಲ್ವಾ?"

"ಹೂಂ," ಎಂದಳು ತಂಗಿ, ಕಿಟಕಿಯ ಕಡೆ ನೋಡುತ್ತಾ. "ದೊಡ್ಡದಾಯ್ತು."

ಅಕ್ಕ ಬಗ್ಗಿ, ಹಸಿ ಬಣ್ಣದ ಮೇಲೆ ಹೆಬ್ಬೆರಳು ಇಟ್ಟಳು. ಮೀನು ಪೂರ್ತಿ ಮುಚ್ಚಿಹೋಯಿತು.